ಬೆಳಗಿನದೊಂದು, ಮಲಗುವಾಗ ಎರಡು

ಕಾರ್ಖಾನೆಯ ಬಸ್ಸಿನಿಂದ ಇಳಿದವರು ನಾಲ್ಕು ಜನ. ಮೂವರು ಟಿಫನ್ ಕ್ಯಾರಿಯರ್ ಬೀಸಿಕೊಂಡು ತಮ್ಮ ತಮ್ಮ ಬೀದಿಗೆ ತಿರುಗಿಕೊಂಡರು. ನಾಲ್ಕನೆಯವನು ಗೋಪಾಲಕೃಷ್ಣ. ಅವನು ಕಾಲುಗಳನ್ನು ಅಗಲಿಸಿಕೊಂಡು, ನೆಲ ಎಲ್ಲಿದೆ ಎಂದು ಹುಡುಕುವವನ ಹಾಗೆ ಹೆಜ್ಜೆ ಇಡುತ್ತಾ ಬಂದ. ಕಾಂಪೌಂಡಿನ ಗೇಟು ಅವನ ಕೈಗೆ ಮೊದಲ ಸಲ ಸಿಗಲಿಲ್ಲ, ಎರಡನೆಯ ಸಲ ಸಿಕ್ಕಿತು.

ವತ್ಸಲಾ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದಳು. ಆರೂ ಮುಕ್ಕಾಲಿನ ಬಸ್ಸು ಹಿಡಿದರೆ ಮಾತ್ರ ಎಂಟಕ್ಕೆ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಕೆಲಸಕ್ಕೆ ಇರಬಹುದು. ದಿನವೂ ಗಂಡ ಒಳಗೆ ಬರುವ ಹೊತ್ತಿಗೆ ಅವಳು ಹೊರಗೆ ಹೋಗುತ್ತಿದ್ದಳು. ಗೇಟಿನ ಹತ್ತಿರ ಒಬ್ಬರಿಗೊಬ್ಬರು ಎದುರಾಗಿ, ‘ತಿಂಡಿ ಮುಚ್ಚಿಟ್ಟಿದೆ’ ಎಂದು ಅವಳು, ‘ಹೂಂ’ ಎಂದು ಅವನು. ಒಂದೂವರೆ ತಿಂಗಳಿನಿಂದ ಅವರ ಸಂಸಾರವೆಂದರೆ ಅಷ್ಟೇ ಆಗಿತ್ತು.

ಇವತ್ತು ಅವಳು ಗೇಟಿನಲ್ಲಿ ನಿಂತು ಅವನ ಮುಖದ ಹತ್ತಿರ ಮುಖ ತಂದಳು.

"ಏನು ಮೂಸ್ತಿದ್ದೀಯ?" ಅಂದ. ಮಾತು ಹಲ್ಲಿನ ಮಧ್ಯೆ ಸಿಕ್ಕಿಕೊಂಡು ಬಂತು.

"ಏನಿಲ್ಲ. ನಿದ್ದೆಗೆಟ್ಟಿದ್ದೀರಿ. ಹೋಗಿ ಮಲಗಿ."

ಎಣ್ಣೆಯ, ಕಬ್ಬಿಣದ, ಬೆವರಿನ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅದರಿಂದ ಅವಳಿಗೆ ಸಮಾಧಾನವಾಗುವ ಬದಲು ದಿಗಿಲು ಹೆಚ್ಚಾಯಿತು. ವಾಸನೆ ಬಾರದ ಹಾಗೆ ಏಲಕ್ಕಿ ಜಗಿಯುವವರನ್ನು ಅವಳು ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ನೋಡಿದ್ದಳು.

ಮನೆಯ ಯಜಮಾನಿ ವೆಂಕಟಮ್ಮ ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದರು. ಅವರ ಹೊಲವೆಲ್ಲ ಪೀಣ್ಯದ ಶೆಡ್ಡುಗಳಿಗೆ ಹೋದ ಮೇಲೆ, ಉಳಿದ ತುಂಡು ಜಾಗದಲ್ಲಿ ಮನೆ ಕಟ್ಟಿ ಮೂರು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು.

"ಏನ್ ವತ್ಸಲಮ್ಮಾ, ಯಜಮಾನ್ರು ಇವತ್ತೂ ಅಂಗೇ ಬತ್ತಾವ್ರೆ," ಅಂದರು, ಬಕೆಟ್ಟು ಕೆಳಗಿಟ್ಟು. "ನಮ್ಮನೇರೂ ಪರಿಹಾರದ ದುಡ್ಡು ಬಂದಾಗ ಇಂಗೇ ಸುರು ಮಾಡಿದ್ದು. ಮೊದ್ಲು ಮೊದ್ಲು ಗೋಡೆ ಇಡ್ಕಂಡು ಬರೋರು. ಆಮೇಲೆ ಗೋಡೇನೂ ಸಾಲ್ದೆ ಓಯ್ತು."

"ಹಾಗೇನಿಲ್ಲ, ವೆಂಕಟಮ್ಮ. ನೈಟ್ ಶಿಫ್ಟು, ಸುಸ್ತು."

"ನಾನೂ ಅಂಗೇ ಯೋಳ್ತಿದ್ದೆ ಕಣವ್ವಾ," ಎಂದು ವೆಂಕಟಮ್ಮ ಮತ್ತೆ ಬಕೆಟ್ಟು ಎತ್ತಿಕೊಂಡರು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ವತ್ಸಲಾಳಿಗೆ ಯಶವಂತಪುರ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಕುಡಿತಕ್ಕಿಂತ ದೊಡ್ಡದೊಂದು ಭಯ ಆ ಮನೆಯಲ್ಲಿ ನಾಲ್ಕು ವರ್ಷದಿಂದ ಇತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ, ಒಂದೇ ತಿಂಗಳಲ್ಲಿ ಎರಡು ಸಲ, ನಿದ್ದೆಯಲ್ಲೇ ಗೋಪಾಲಕೃಷ್ಣನಿಗೆ ಫಿಟ್ಸ್ ಬಂದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಮಲಗುವಾಗ ಎರಡು ಮಾತ್ರೆ ಬರೆದುಕೊಟ್ಟಿದ್ದರು. ಆಮೇಲೆ ಬಂದಿರಲಿಲ್ಲ. ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಸುಬ್ಬಲಕ್ಷ್ಮಮ್ಮ ‘ಆ ತಾಪತ್ರಯ’ ಅನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅವನದು ಪ್ರೆಸ್ ಶಾಪು. ತಗಡಿನ ಹಾಳೆಯನ್ನು ಕೈಯಿಂದ ಒಳಗೆ ಸರಿಸಿ ಪೆಡಲ್ ತುಳಿದರೆ ಅರವತ್ತು ಟನ್ನಿನ ಭಾರ ಬಂದು ಬೀಳುತ್ತದೆ. ಒಂದು ಕ್ಷಣ ಮೈಮರೆತರೆ ಬೆರಳುಗಳಿರುವುದಿಲ್ಲ. ವಿಷಯ ತಿಳಿದರೆ ಅನ್‌ಫಿಟ್ ಎಂದು ಬರೆದು ಮನೆಗೆ ಕಳಿಸುತ್ತಾರೆಂದು ಮೂವರೂ ಬಾಯಿ ಮುಚ್ಚಿಕೊಂಡಿದ್ದರು. ಅವನ ಕೈಯೂ ಉಳಿಯಬೇಕು, ಕೆಲಸವೂ ಉಳಿಯಬೇಕು. ಎರಡಕ್ಕೂ ಆಧಾರ ಆ ಮೂರು ಮಾತ್ರೆ.

ಆಷಾಢದ ಕೊನೆಯಲ್ಲಿ ಹೊರದೇಶದ ಆರ್ಡರು ಬಂದಿದೆಯೆಂದು ಅವನ ಸೆಕ್ಷನ್ನಿನ ಅರ್ಧ ಜನರನ್ನು ಸತತ ನೈಟ್ ಶಿಫ್ಟಿಗೆ ಹಾಕಿದರು. ಅವತ್ತೇ ವತ್ಸಲಾ ಅತ್ತೆಗೆ ಹೇಳಿದ್ದಳು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಅಮ್ಮಾ, ಇನ್ನು ಮೇಲೆ ಇವರು ಮಲಗೋದು ಬೆಳಿಗ್ಗೆ. ಅದಕ್ಕೆ ಮಲಗೋಕೆ ಮುಂಚಿನ ಎರಡು ಮಾತ್ರೆ ನೀವು ಬೆಳಿಗ್ಗೆ ಕೊಟ್ಟುಬಿಡಿ. ಸಾಯಂಕಾಲ ಹೊರಡೋವಾಗ ಒಂದನ್ನ ನಾನು ಕೊಡ್ತೀನಿ. ಭಾನುವಾರ ನನಗೆ ರಜಾ, ಅವತ್ತು ಎಲ್ಲಾ ನಾನೇ ನೋಡ್ಕೋತೀನಿ."

"ಹೂಂ."

"ಗೊತ್ತಾಯ್ತಲ್ವಾ?"

"ಗೊತ್ತಾಗದೆ ಏನು. ಹೊರಡು, ಬಸ್ಸು ಹೋಗುತ್ತೆ."

*

ಗೇಟಿನಲ್ಲಿ ಮೂಸಿ ನೋಡಿದ ವಾರದ ಭಾನುವಾರ ಊಟಕ್ಕೆ ಬದನೆಕಾಯಿ ಹುಳಿ, ತಿಳಿಸಾರು, ಹಪ್ಪಳ. ಗೋಪಾಲಕೃಷ್ಣ ನೀರಿನ ಲೋಟಕ್ಕೆ ಕೈ ಚಾಚಿದ. ಕೈ ಲೋಟದಿಂದ ಒಂದು ಗೇಣು ಆಚೆ ಹೋಗಿ ಸಾರಿನ ಪಾತ್ರೆಗೆ ತಗುಲಿತು. ಸಾರು ನೆಲದಲ್ಲಿ ಹರಿದು ಮಗಳು ಭಾನುಮತಿಯ ತಟ್ಟೆಯ ಕೆಳಗೆ ಹೋಯಿತು. ಆರು ವರ್ಷದ ಹುಡುಗಿ ತಟ್ಟೆ ಎತ್ತಿಕೊಂಡು ಎದ್ದು ನಿಂತಳು.

"ಹೊಡೆತ ಬಿದ್ದವನ ಹಾಗೆ ಆಡ್ತೀಯಲ್ಲೋ," ಅಂದರು ಸುಬ್ಬಲಕ್ಷ್ಮಮ್ಮ. "ಯಾರ ಜೊತೆ ಸೇರಿದೀಯ ನೀನು? ಆ ನಾಣಿ ಜೊತೇಲಾ?"

"ನಾಣಿ ಯಾಕೆ ಬಂದ ಇಲ್ಲಿ? ಕೈ ಜಾರಿತು ಅಷ್ಟೇ."

"ಕೈ ಜಾರಿತು, ಕಾಲು ಜಾರಿತು, ಈಗ ನಾಲಿಗೇನೂ ಜಾರ್ತಿದೆ. ನಾನು ಮುದುಕಿ, ನನಗೆ ಕಣ್ಣು ಕಾಣಲ್ಲ ಅಂದ್ಕೊಂಡಿದೀಯ. ಊರೋರಿಗೆಲ್ಲ ಔಷಧಿ ಕೊಡೋ ಹೆಂಡತಿ ಇದಾಳೆ, ಮನೇಲಿ ಗಂಡ ಹೇಗೆ ಬರ್ತಾನೆ ಹೇಗೆ ಹೋಗ್ತಾನೆ ನೋಡೋಕೆ ಅವಳಿಗೆ ಪುರಸೊತ್ತಿಲ್ಲ."

"ನಾನು ನೋಡ್ತಾನೇ ಇದ್ದೀನಿ, ಅಮ್ಮ," ಅಂದಳು ವತ್ಸಲಾ, ನೆಲ ಒರೆಸುತ್ತಾ.

"ನೋಡಿ ಏನು ಮಾಡ್ದೆ?"

"ನೀವಿಬ್ಬರೂ ಸೇರಿ ನನ್ನನ್ನ ಕುಡುಕ ಮಾಡ್ಬಿಡಿ," ಎಂದು ಗೋಪಾಲಕೃಷ್ಣ ಏಳಲು ಹೋದವನು ಗೋಡೆಗೆ ಕೈ ಕೊಟ್ಟು ನಿಂತ. "ತಲೆ ತಿರುಗುತ್ತೆ ಅಂತ ವಾರದಿಂದ ಹೇಳ್ತಿದ್ದೀನಿ. ಒಬ್ಬರಾದ್ರೂ ಕೇಳಿದ್ರಾ?"

"ನಿದ್ದೆ ಮಾಡದಿದ್ರೆ ತಲೆ ತಿರುಗದೆ ಇನ್ನೇನು," ಅಂದರು ತಾಯಿ.

ಭಾನುಮತಿ ತಂದೆಯ ಮುಖವನ್ನೇ ನೋಡುತ್ತಿದ್ದಳು. "ಅಪ್ಪಾ, ನಿನ್ನ ಕಣ್ಣು ಕುಣೀತಾ ಇದೆ. ಆ ಕಡೆ ನೋಡು, ಇನ್ನೊಂದ್ಸಲ ಕುಣಿಸು."

"ತಟ್ಟೆ ಹಿಡ್ಕೊಂಡು ಒಳಗೆ ಹೋಗು," ಎಂದು ವತ್ಸಲಾ ಗದರಿದಳು. ಆ ಹೊತ್ತಿನಲ್ಲಿ ಮಗಳ ಮಾತು ಅವಳ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಅಡಿಗೆಮನೆಯ ಗೂಡಿನಲ್ಲಿ ಏಲಕ್ಕಿ ಡಬ್ಬಿ ಕೈಗೆತ್ತಿಕೊಂಡು, ಎಷ್ಟು ಖಾಲಿಯಾಗಿದೆ ಎಂದು ನೋಡಿದಳು. ನೋಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಮಂಗಳವಾರ ಸಾಯಂಕಾಲ ನಾಣಿ ಬಂದ. ಅವನು ಗೋಪಾಲಕೃಷ್ಣನ ಪಕ್ಕದ ಪ್ರೆಸ್ಸಿನವನು, ಯೂನಿಯನ್ನಿನಲ್ಲೂ ಓಡಾಡುವವನು. ಬಂದವನೇ ಚಪ್ಪಲಿ ಬಿಟ್ಟು, ಕಾಫಿ ಬೇಡ ಅಂದು, ಆಮೇಲೆ ಕೊಟ್ಟ ಕಾಫಿ ಕುಡಿದು, ಜೇಬಿನಿಂದ ಒಂದು ಕಾಗದ ತೆಗೆದ.

"ಗುರು, ನಿನ್ನ ಕೈಗೆ ಕೊಟ್ರೆ ನೀನು ಮನೇಲಿ ತೋರಿಸಲ್ಲ ಅಂತ ನಾನೇ ತಂದೆ. ಮೆಮೋ."

ಶನಿವಾರದ ನೈಟ್ ಶಿಫ್ಟಿನಲ್ಲಿ ಗೋಪಾಲಕೃಷ್ಣ ಮೆಷಿನ್ನಿನ ಮುಂದೆ ತೂರಾಡಿದನಂತೆ. ಫೋರ್‌ಮನ್ ಸೆಕ್ಯುರಿಟಿಯವರನ್ನು ಕರೆಸಿದನಂತೆ. ಮದ್ಯ ಸೇವಿಸಿ ಕೆಲಸಕ್ಕೆ ಬಂದ ಆರೋಪ, ಏಳು ದಿನದೊಳಗೆ ಉತ್ತರ ಕೊಡಬೇಕು, ಅಲ್ಲಿಯವರೆಗೆ ಶಿಫ್ಟಿಗೆ ಬರಬೇಕು, ಮೆಷಿನ್ ಮುಟ್ಟುವಂತಿಲ್ಲ.

"ಬಾಯಿ ಮೂಸಿದ್ರಾ?" ವತ್ಸಲಾ ಕೇಳಿದಳು.

"ಮೂಸಿದ್ರು. ವಾಸನೆ ಬಂತು ಅಂತಾನೂ ಬರೆದಿಲ್ಲ, ಬರಲಿಲ್ಲ ಅಂತಾನೂ ಬರೆದಿಲ್ಲ. ನೋಡಿ ಅತ್ತಿಗೆ, ಒಳ್ಳೆ ಮಾತು ಹೇಳ್ತೀನಿ. ಒಪ್ಕೊಂಡುಬಿಡಲಿ. ಮನೇಲಿ ಬೇಜಾರಿತ್ತು, ಒಂದು ದಿನ ಸ್ವಲ್ಪ ತಗೊಂಡೆ, ಇನ್ನು ಮೇಲೆ ಇಲ್ಲ ಅಂತ ಬರೀಲಿ. ಮೊದಲನೇ ಸಲ, ವಾರ್ನಿಂಗ್‌ನಲ್ಲಿ ಮುಗಿಸ್ತೀವಿ. ಹೋದ ವರ್ಷ ಶ್ಯಾಮಣ್ಣಂದು ಹಾಗೇ ಮುಗಿಸಿದ್ವಿ."

"ಶ್ಯಾಮಣ್ಣ ಕುಡಿದಿದ್ದ," ಅಂದ ಗೋಪಾಲಕೃಷ್ಣ.

"ಅದಕ್ಕೇ ಅವನಿಗೆ ಬರೆಯೋಕೆ ಸುಲಭ ಆಯ್ತು."

ನಾಣಿ ಹೋದ ಮೇಲೆ ಬಹಳ ಹೊತ್ತು ಯಾರೂ ದೀಪ ಹಾಕಲಿಲ್ಲ. ಕೊನೆಗೆ ಗೋಪಾಲಕೃಷ್ಣನೇ ಎದ್ದು ಸ್ವಿಚ್ಚು ತಡವಿದ.

"ಬರೆದುಕೊಟ್ಟುಬಿಡ್ತೀನಿ. ಬೇರೆ ಏನು ಬರೀಲಿ? ತಲೆ ತಿರುಗುತ್ತೆ ಅಂತ ಬರೆದ್ರೆ ಮೆಡಿಕಲ್‌ಗೆ ಕಳಿಸ್ತಾರೆ. ಅಲ್ಲಿ ಕೆದಕಿ ಕೆದಕಿ ಹಳೇದೆಲ್ಲ ಹೊರಗೆ ತೆಗೀತಾರೆ. ಕುಡುಕನಿಗೆ ವಾರ್ನಿಂಗು, ಕಾಯಿಲೆಯವನಿಗೆ ಗೇಟು."

"ನಮ್ಮ ವಂಶದಲ್ಲಿ ಹೆಂಡದ ಅಂಗಡಿ ಮುಂದೆ ನಡೆದುಹೋದವರಿಲ್ಲ," ಅಂದರು ಸುಬ್ಬಲಕ್ಷ್ಮಮ್ಮ. "ನೀನು ಕೈಯಾರ ಬರೆದುಕೊಡ್ತೀಯಾ?"

"ನಿಜವಾಗಿ ಕುಡಿದಿಲ್ಲ ತಾನೆ ನೀವು?" ಅಂದಳು ವತ್ಸಲಾ.

ಅವನು ಅವಳನ್ನು ನೋಡಿದ. ಶಿಫ್ಟಿಗೆ ಹೊರಡುವ ಹೊತ್ತಾಗುವವರೆಗೂ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ.

*

ಗುರುವಾರ ವಾರ್ಡಿನಲ್ಲಿ ಮಾಕಳಿಯ ರಾಮಕ್ಕನ ಗಂಡನಿಗೆ ಡಿಸ್ಚಾರ್ಜು. ಎರಡು ಸೀಸೆ ಔಷಧಿ. ಬಿಳಿಯದು ಹೊಟ್ಟೆಗೆ, ಊಟಕ್ಕೆ ಮುಂಚೆ. ಕೆಂಪುದು ಗಾಯಕ್ಕೆ ಹಚ್ಚಲು. ವತ್ಸಲಾ ಎರಡು ಸಲ ನಿಧಾನವಾಗಿ ಹೇಳಿದಳು. ರಾಮಕ್ಕ ಪ್ರತಿ ಮಾತಿಗೂ ‘ಊಂ, ಊಂ’ ಎಂದು ತಲೆ ಆಡಿಸಿದಳು. ವತ್ಸಲಾ ಪುಸ್ತಕದಲ್ಲಿ ‘ತಿಳಿಸಲಾಗಿದೆ’ ಎಂದು ಬರೆದು ಸಹಿ ಮಾಡುತ್ತಿದ್ದಾಗ, ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಮರಿಯಮ್ಮ ಹಿಂದಿನಿಂದ ಬಂದರು.

"ಅವಳು ಊಂ ಅಂದ್ರೆ ನಿನ್ನ ಕೆಲಸ ಮುಗೀತಾ? ರಾಮಕ್ಕ, ಮನೆಗೆ ಹೋಗಿ ಏನು ಮಾಡ್ತೀಯ, ನನಗೆ ಹೇಳಮ್ಮ."

"ಅದೇ ಈಗ ಯೋಳಿದ್ರಲ್ಲ ಈವಮ್ಮ."

"ಅವರು ಹೇಳಿದ್ದು ನಾನು ಕೇಳಿಲ್ಲ. ನೀನು ಹೇಳು."

ರಾಮಕ್ಕ ಎರಡು ಸೀಸೆಯನ್ನೂ ಎತ್ತಿ ನೋಡಿದಳು. "ಕೆಂಪುದು ಕುಡಿಯಾಕೆ. ರಕ್ತ ಆಗ್ಬೇಕಲ್ಲ, ಬೋ ನಿತ್ರಾಣ ಆಗವ್ರೆ. ಬಿಳೀದು ಸುಣ್ಣ ಇದ್ದಂಗೈತೆ, ಅದು ಗಾಯಕ್ಕೆ ಅಚ್ಚೋದು."

ಸಿಸ್ಟರ್ ಮರಿಯಮ್ಮ ವತ್ಸಲಾಳ ಕಡೆ ನೋಡಿದರು. ಬೈಯಲಿಲ್ಲ. "ಇವತ್ತು ಒಬ್ಬನ ಜೀವ ಉಳೀತು. ತಿಳಿಸಲಾಗಿದೆ ಅಂತ ಬರೀಬೇಡ. ಅವಳಿಗೆ ತಿಳಿದಿದೆ ಅಂತ ಬರೀ, ತಿಳಿದ ಮೇಲೆ," ಎಂದು ಮುಂದಿನ ಮಂಚಕ್ಕೆ ಹೋದರು.

ವತ್ಸಲಾ ರಾಮಕ್ಕನಿಗೆ ಮತ್ತೆ ಮೊದಲಿನಿಂದ ಹೇಳಿಕೊಟ್ಟಳು. ಹೇಳಿಸಿದಳು. ಕೆಂಪು ಸೀಸೆಗೆ ಒಂದು ತುಂಡು ಬ್ಯಾಂಡೇಜು ಕಟ್ಟಿ, ಇದು ಕಟ್ಟಿರೋದು ಗಾಯಕ್ಕೆ ಎಂದಳು. ಅವಳ ಬಾಯಿ ಮಾತಾಡುತ್ತಿತ್ತು, ಒಳಗೆ ಬೇರೆಯದೇ ಓಡುತ್ತಿತ್ತು. ತೂರಾಡುವ ನಡಿಗೆ. ತೊದಲುವ ನಾಲಿಗೆ. ಪಕ್ಕಕ್ಕೆ ನೋಡಿದರೆ ಕುಣಿಯುವ ಕಣ್ಣು. ಮೂರನ್ನೂ ಅವಳು ಪಾಠದ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದಳು. ಆ ಮಾತ್ರೆ ಮೈಯಲ್ಲಿ ಮಿತಿಮೀರಿದರೆ ಕಾಣುವ ಲಕ್ಷಣ. ಬೀದಿಯಲ್ಲಿ ನೋಡಿದವರು ಕುಡಿದಿದ್ದಾನೆ ಅನ್ನುತ್ತಾರೆ. ಅವಳೂ ಹಾಗೇ ಅಂದುಕೊಂಡು ಗೇಟಿನಲ್ಲಿ ನಿಂತು ಮೂಸಿ ನೋಡಿದ್ದಳು.

ಮೂರು ಗಂಟೆಗೆ ಮನೆಗೆ ಬಂದವಳು ಕೈಕಾಲು ತೊಳೆಯದೆ ಅಡಿಗೆಮನೆಗೆ ಹೋಗಿ, ಬೆಲ್ಲದ ಡಬ್ಬಿಯ ಹಿಂದಿದ್ದ ಮಾತ್ರೆಯ ಸೀಸೆ ತೆಗೆದು ತಟ್ಟೆಗೆ ಸುರಿದಳು. ನೂರರ ಸೀಸೆ. ಸೀಲು ಒಡೆದು ಮೂರು ವಾರ. ದಿನಕ್ಕೆ ಮೂರರಂತೆ ಅರವತ್ತಮೂರು ಹೋಗಿ ಮೂವತ್ತೇಳು ಇರಬೇಕು. ಹತ್ತೊಂಬತ್ತು ಇದ್ದವು. ಎರಡನೆಯ ಸಲ ಎಣಿಸಿದಳು. ಹದಿನೆಂಟು ಹೆಚ್ಚಿಗೆ ಹೋಗಿವೆ. ಮೂರು ವಾರಕ್ಕೆ ಹದಿನೆಂಟು ಅಂದರೆ ವಾರಕ್ಕೆ ಆರು. ಏಳಲ್ಲ, ಆರು. ಅವಳು ಮನೆಯಲ್ಲಿರುವ ಭಾನುವಾರವೊಂದನ್ನು ಬಿಟ್ಟು.

ಸುಬ್ಬಲಕ್ಷ್ಮಮ್ಮ ಹಿತ್ತಲಿನಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು.

ಹನ್ನೊಂದು ವರ್ಷದಲ್ಲಿ ವತ್ಸಲಾ ಅತ್ತೆಗೆ ಎದುರು ಮಾತಾಡಿದ್ದುಂಟು, ಮುನಿಸಿಕೊಂಡು ಊಟ ಬಿಟ್ಟದ್ದುಂಟು. ಆದರೆ ಮಗುವಿಗೆ ಪಾಠ ಒಪ್ಪಿಸು ಅನ್ನುವ ಹಾಗೆ ಅವರನ್ನು ಕೇಳಿದ್ದಿಲ್ಲ. ರಾಮಕ್ಕನನ್ನು ಕೇಳಬಹುದು. ಗಂಡನ ತಾಯಿಯನ್ನು ಹೇಗೆ ಕೇಳುವುದು?

"ಅಮ್ಮಾ, ಬೆಳಿಗ್ಗೆ ಅವರು ಬಂದಾಗ ಮಾತ್ರೆ ಹೇಗೆ ಕೊಡ್ತೀರಿ? ಸ್ವಲ್ಪ ಹೇಳಿ."

"ಯಾಕೆ? ನೀರಲ್ಲಿ ಕೊಡ್ತೀನಿ."

"ಎಷ್ಟು?"

ಅವರು ಮಡಿಸುತ್ತಿದ್ದ ಪಂಚೆ ತೊಡೆಯ ಮೇಲಿಟ್ಟುಕೊಂಡರು. "ನನಗೆ ಎಣಿಸೋಕೆ ಬರಲ್ಲ ಅಂತಲಾ? ಕಾಫಿ ಆದ ಮೇಲೆ ಬೆಳಗಿನದು ಒಂದು. ಅದನ್ನ ಒಂದು ದಿನಾನೂ ತಪ್ಪಿಸಬಾರದು ಅಂತ ನಾಲ್ಕು ವರ್ಷದ ಹಿಂದೆ ನೀನೇ ಹೇಳಿದ್ದೆ, ಒಂದು ದಿನಾನೂ ತಪ್ಪಿಸಿಲ್ಲ. ತಿಂಡಿ ತಿಂದು ಮಲಗೋವಾಗ ಎರಡು. ಅದು ಈಗ ನೀನು ಹೇಳಿದ್ದು. ಒಂದೂ ಎರಡೂ ಮೂರು."

"ಮೂರು ಬೆಳಿಗ್ಗೆ. ಸಾಯಂಕಾಲ ನಾನೊಂದು."

"ಅದು ನೀನು ಕೊಡೋದು. ನನಗೇನು ಗೊತ್ತು ಅದು ಯಾವುದು ಅಂತ."

ವತ್ಸಲಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅತ್ತೆಯ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಬೆಳಗಿನ ಮಾತ್ರೆ ಸಾಯಂಕಾಲಕ್ಕೆ ಹೋಗಿದೆ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದವಳಿಗೆ ಅದು ತಾನೇ ತಾನಾಗಿ ತಿಳಿಯುವ ಮಾತು ಅನ್ನಿಸಿತ್ತು.

"ಅಮ್ಮ, ಅದು ಜಾಸ್ತಿ ಆಗಿದೆ. ಅದಕ್ಕೇ ಅವರು ಹಾಗೆ ತೂರಾಡ್ತಿರೋದು. ಕುಡಿತ ಅಲ್ಲ."

ಸುಬ್ಬಲಕ್ಷ್ಮಮ್ಮ ಮೆಲ್ಲಗೆ, "ನಾನು ನನ್ನ ಮಗನಿಗೆ ಕೈಯಾರ ವಿಷ ಹಾಕಿದೆ ಅಂತೀಯಾ?"

"ಇಲ್ಲ. ನಾನು ಅರ್ಧ ಹೇಳಿ ಓಡಿಹೋದೆ. ಏನು ತಿಳ್ಕೊಂಡ್ರಿ ಅಂತ ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ."

"ಕೇಳಿದ್ರೆ ನಾನು ಬೈತಿದ್ದೆ," ಅಂದರು ಅವರು. ಪಂಚೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

*

ಮರುದಿನವೇ ವತ್ಸಲಾ ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಅವನ ಕಣ್ಣಿನ ಮುಂದೆ ಪೆನ್ನು ಆಡಿಸಿದರು, ಗೆರೆಯ ಮೇಲೆ ನಡೆಸಿದರು. ಎರಡು ದಿನ ಮಾತ್ರೆ ನಿಲ್ಲಿಸಿ, ಆಮೇಲೆ ದಿನಕ್ಕೆ ಮೂರೇ ಮೂರು, ತಾವಾಗಿ ಪೂರ್ತಿ ಬಿಟ್ಟರೆ ಇದಕ್ಕಿಂತ ಅಪಾಯ ಎಂದರು. ಎಲ್ಲವನ್ನೂ ವತ್ಸಲಾಳಿಗೆ ಹೇಳಿದರು, ಅವಳು ಬರೆದುಕೊಂಡಳು. ಸೋಮವಾರದ ಹೊತ್ತಿಗೆ ಅವನ ಕೈ ಲೋಟಕ್ಕೆ ಸರಿಯಾಗಿ ಹೋಗುತ್ತಿತ್ತು.

ಮೆಮೋ ಮಾತ್ರ ಹಾಗೇ ಇತ್ತು. ನಾಳೆ ಏಳನೆಯ ದಿನ.

"ನಾಣಿ ಬರೆದುಕೊಟ್ಟಿದ್ದಾನೆ, ಸಹಿ ಮಾಡೋದೊಂದು ಬಾಕಿ," ಅಂದ ಗೋಪಾಲಕೃಷ್ಣ ಸಾಯಂಕಾಲ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು. "ಈಗ ಮಾತ್ರೇನೂ ಸರಿಹೋಯ್ತು. ಮತ್ತೆ ಪ್ರೆಸ್ಸಿಗೆ ಹೋಗ್ತೀನಿ. ಮುಗೀತು."

"ಮುಗಿದಿಲ್ಲ," ಅಂದಳು ವತ್ಸಲಾ. "ರಾತ್ರಿಯೆಲ್ಲ ನಿದ್ದೆ ಇಲ್ಲದಿದ್ರೆ ಅದು ಮತ್ತೆ ಬರಬಹುದು. ಡಾಕ್ಟರು ನಿಮ್ಮ ಎದುರಿಗೇ ಹೇಳಿದ್ರು."

"ನಾಲ್ಕು ವರ್ಷದಿಂದ ಬಂದಿಲ್ಲ."

"ಬಂದ ದಿನ ನಿಮ್ಮ ಕೈ ಎಲ್ಲಿರುತ್ತೆ? ಪೆಡಲ್ ಮೇಲೆ ಕಾಲಿರುತ್ತಲ್ಲ, ಕೈ ಎಲ್ಲಿರುತ್ತೆ?"

"ನೀನು ನರ್ಸಮ್ಮನ ಮಾತು ಆಡಬೇಡ. ಹದಿನಾಲ್ಕು ವರ್ಷ ಪ್ರೆಸ್ಸು ಓಡಿಸಿದ್ದೀನಿ. ಅದು ಬಿಟ್ರೆ ನನಗೆ ಏನು ಬರುತ್ತೆ?"

"ಕೈ ಇದ್ರೆ ಏನಾದ್ರೂ ಬರುತ್ತೆ ಕಣೋ," ಅಂದರು ಸುಬ್ಬಲಕ್ಷ್ಮಮ್ಮ ಒಲೆಯ ಮುಂದಿನಿಂದ. ಅವರು ಎದ್ದು ಬಂದು, ಮಗನ ಮುಂದಿದ್ದ ನಾಣಿಯ ಕಾಗದವನ್ನು ತೆಗೆದು ದೂರ ಇಟ್ಟರು. "ವತ್ಸಲಾ, ಪೆನ್ನು ತಗೋ. ನಾನು ಹೇಳಿದ ಹಾಗೆ ಬರಿ."

"ಏನು ಬರೀಲಿ?"

"ಮಾತ್ರೆ ಜಾಸ್ತಿ ಕೊಟ್ಟಿದ್ದು ಇವನ ತಾಯಿ, ನಾನು ಅಂತ. ಇವನು ಕುಡಿದಿಲ್ಲ ಅಂತ. ಯಾವುದಕ್ಕೆ ಮಾತ್ರೆ ಅನ್ನೋದನ್ನೂ ಬರಿ. ಹೆಸರು ಹಾಕಿ ಬರಿ."

"ಅಮ್ಮಾ, ನೀನು ಸುಮ್ನಿರು," ಅಂದ ಮಗ.

"ನಾಲ್ಕು ವರ್ಷ ಸುಮ್ನಿದ್ದಿದ್ದಕ್ಕೆ ಹೀಗಾಯ್ತು."

ವತ್ಸಲಾ ಭಾನುಮತಿಯ ಕಾಪಿ ಪುಸ್ತಕದಿಂದ ಎರಡು ಹಾಳೆ ಹರಿದು ಬರೆಯಲು ಕುಳಿತಳು. ಅತ್ತೆಯ ಮಾತನ್ನು ತಿದ್ದಿ, ನಯ ಮಾಡಿ ಬರೆದಳು. ಬರೆದದ್ದನ್ನು ಓದಿ ಹೇಳಿದಳು: ‘ಸೊಸೆಯು ಹೇಳಿದ ವಿಷಯವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳದೆ...’

"ಅದನ್ನ ಹೊಡೆದುಹಾಕು. ನಾನು ಸರಿಯಾಗೇ ಕೇಳಿಸ್ಕೊಂಡೆ. ನೀನು ಹೇಳಿದ್ದೇ ಅಷ್ಟು."

"ಮತ್ತೆ ಹೇಗೆ ಬರೀಲಿ, ಅಮ್ಮ?"

"ಸೊಸೆ ಮಲಗೋಕೆ ಮುಂಚೆ ಎರಡು ಕೊಡಿ ಅಂದಳು. ಬೆಳಗಿನದು ಒಂದನ್ನ ಬಿಡಿ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರ ಕಡೆಯಿಂದಲೂ ಆಗಿದೆ. ಹಾಗೆ ಬರಿ."

ವತ್ಸಲಾ ಹಾಗೆಯೇ ಬರೆದಳು. ಸುಬ್ಬಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಅವರ ಹೆಸರಿನ ಕೆಳಗೆ ವತ್ಸಲಾ ಸಹಿ ಮಾಡಿದಳು. ಮಗ ಇಬ್ಬರನ್ನೂ ನೋಡುತ್ತಾ ಕುಳಿತಿದ್ದ. ಉಪ್ಪಿಟ್ಟು ತಣ್ಣಗಾಗಿತ್ತು. ಅವನು ಎದ್ದು ಕೈ ತೊಳೆದ.

ಬೆಳಿಗ್ಗೆ ಬಿಳಿ ಷರಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಇಬ್ಬರೂ ಬನ್ನಿ. ನಾನೊಬ್ಬನೇ ಹೋದ್ರೆ ಅಲ್ಲಿ ನಾಲಿಗೆ ಏಳಲ್ಲ," ಅಂದ.

*

ಕಾರ್ಖಾನೆಯ ಮೆಡಿಕಲ್ ಆಫೀಸರ್ ಕಾಗದವನ್ನು ಎರಡು ಸಲ ಓದಿದರು. ದೊಡ್ಡಾಸ್ಪತ್ರೆಯ ಚೀಟಿಯನ್ನೂ ಓದಿದರು. ಕಿಟಕಿಯ ಆಚೆ ಪ್ರೆಸ್ ಶಾಪಿನ ಏಟುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಮೇಜಿನ ಮೇಲಿದ್ದ ಗಾಜಿನ ಲೋಟದ ನೀರು ಒಂದೊಂದು ಏಟಿಗೂ ಅಲುಗುತ್ತಿತ್ತು.

"ಗೋಪಾಲಕೃಷ್ಣ, ನೀವು ಯಾವ ಮಾತ್ರೆ ತಗೋತೀರಿ?"

ಗೋಪಾಲಕೃಷ್ಣ ಎಡಗಡೆ ಕುಳಿತ ತಾಯಿಯನ್ನು ನೋಡಿದ. ಆಮೇಲೆ ಬಲಗಡೆ ವತ್ಸಲಾಳನ್ನು.

"ಸಾರ್, ಅದು—" ಎಂದು ವತ್ಸಲಾ ಬಾಯಿ ತೆರೆದಳು.

"ನೀವು ಬೇಡ ಸಿಸ್ಟರ್. ನಿಮ್ಮಿಬ್ಬರ ಉತ್ತರ ಈ ಕಾಗದದಲ್ಲಿದೆ. ಅವರನ್ನ ಕೇಳ್ತಿದ್ದೀನಿ."

"ಬಿಳೀದು, ಸಾರ್."

"ಬಿಳೀ ಮಾತ್ರೆ ನಮ್ಮ ಡಿಸ್ಪೆನ್ಸರೀಲಿ ನಲವತ್ತು ಥರ ಇದೆ. ಹೆಸರೇನು?"

ಅವನು ತಲೆ ತಗ್ಗಿಸಿದ.

"ದಿನಕ್ಕೆ ಎಷ್ಟು?"

"ಇವರು... ಎಷ್ಟು ಕೊಡ್ತಾರೋ ಅಷ್ಟು, ಸಾರ್."

"ಬೆಳಿಗ್ಗೆ ಮೂರು ಕೊಟ್ಟಾಗ, ಇದೇನು ಮೂರು ಅಂತ ಕೇಳಲಿಲ್ವಾ?"

"ಡಾಕ್ಟರೇ ಜಾಸ್ತಿ ಮಾಡಿರಬೇಕು ಅಂದ್ಕೊಂಡೆ. ಕೈಗೆ ಕೊಟ್ರು, ನುಂಗಿದೆ."

ನಾಲ್ಕು ವರ್ಷದಲ್ಲಿ ಆ ಮಾತ್ರೆಯ ವಿಷಯ ವತ್ಸಲಾ ಅತ್ತೆಗೆ ಹೇಳಿದ್ದಳು, ಡಾಕ್ಟರಿಗೆ ಹೇಳಿದ್ದಳು, ಔಷಧಿ ಅಂಗಡಿಯವನಿಗೆ ಹೇಳಿದ್ದಳು. ನುಂಗುವವನಿಗೆ ಒಂದು ಸಲವೂ ಹೇಳಿರಲಿಲ್ಲ. ಊಟ ಬಡಿಸಿದ ಹಾಗೆ, ಒಗೆದ ಬಟ್ಟೆ ತಂದಿಟ್ಟ ಹಾಗೆ, ಲೋಟದ ನೀರಿನ ಜೊತೆ ಕೈಗೆ ಹಾಕಿದ್ದಳು. ಅವನೂ ಕೈ ಒಡ್ಡಿದ್ದ.

ಮೆಡಿಕಲ್ ಆಫೀಸರ್ ಬರೆಯುತ್ತಾ ಮಾತಾಡಿದರು. "ಕುಡಿತ ಅಲ್ಲ ಅಂತ ಬರೆದುಕೊಡ್ತೀನಿ, ಮೆಮೋ ನಿಲ್ಲಲ್ಲ. ಪ್ರೆಸ್ ಶಾಪ್ ಆಗಲ್ಲ. ಇವತ್ತಿಂದ ಆಗಲ್ಲ, ಮುಂದೆಯೂ ಆಗಲ್ಲ. ನೈಟ್ ಶಿಫ್ಟೂ ಇಲ್ಲ. ಟೂಲ್ ಸ್ಟೋರ್ಸ್‌ಗೆ ಹಾಕಿ ಅಂತ ಶಿಫಾರಸು ಮಾಡ್ತೀನಿ, ಅಲ್ಲಿ ಜಾಗ ಇದೆ. ಮೊದಲ ವರ್ಷವೇ ಬಂದು ಹೇಳಿದ್ರೆ ಆಗಲೇ ಮಾಡ್ತಿದ್ದೆ."

"ಸ್ಟೋರ್ಸ್," ಅಂದ ಗೋಪಾಲಕೃಷ್ಣ.

ಸುಬ್ಬಲಕ್ಷ್ಮಮ್ಮ ಎದ್ದು ಕೈ ಮುಗಿದರು. ಡಾಕ್ಟರು ಅವರಿಗೆ ಕೂತ್ಕೊಳ್ಳಿ ಅನ್ನುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

ಗೇಟಿನ ಕಡೆಗೆ ಹೋಗುವ ಡಾಂಬರು ದಾರಿ ಪ್ರೆಸ್ ಶಾಪಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಒಳಗಿನಿಂದ ಯಾರೋ ‘ಏನ್ ಗೋಪಿ, ಮೆರವಣಿಗೆ?’ ಎಂದು ಕೂಗಿದರು. ಅವನು ಆ ಕಡೆ ನೋಡಲಿಲ್ಲ. ತಾಯಿ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದರು. ವತ್ಸಲಾ ಅವನ ಪಕ್ಕದಲ್ಲಿ, ಮಾತಾಡಲು ಹೆದರಿ, ಸೆರಗಿನ ತುದಿ ಸುರುಳಿ ಸುತ್ತುತ್ತಾ ನಡೆದಳು. ಅವನು ಬೈಯಲಿ ಎಂದುಕೊಂಡಳು. ಬೈದರೆ ಉತ್ತರ ಕೊಡಬಹುದು.

ಶೆಡ್ಡಿನ ಗೋಡೆ ಮುಗಿದ ಮೇಲೆ ಅವನು ನೆಲ ನೋಡುತ್ತಲೇ ಕೇಳಿದ, "ಅದರ ಹೆಸರೇನು?"

"ಫೆನಿಟಾಯಿನ್."

"ಇನ್ನೊಂದ್ಸಲ ಹೇಳು."

ಅವಳು ಬಿಡಿಸಿ ಬಿಡಿಸಿ ಹೇಳಿದಳು. ಅವನ ತುಟಿ ಅಲುಗಿತು. ಧ್ವನಿ ಹೊರಗೆ ಬರಲಿಲ್ಲ.

"ಒಂದು ಹೊತ್ತು ಮರೆತ್ರೆ?"

"ನೆನಪಾದ ತಕ್ಷಣ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ರೆ ಬಿಟ್ಟುಬಿಡಿ. ಎರಡು ಹೊತ್ತಿಂದು ಸೇರಿಸಿ ಮಾತ್ರ ತಗೋಬೇಡಿ."

"ಎಲ್ಲಿಟ್ಟಿದ್ದೀರಿ ಅದನ್ನ?"

"ಬೆಲ್ಲದ ಡಬ್ಬಿ ಹಿಂದೆ."

"ನನ್ನ ಕಪಾಟಿಗೆ ತಂದಿಡು. ಇನ್ನು ಮೇಲೆ ನೀನೂ ಕೊಡಬೇಡ, ಅಮ್ಮನೂ ಕೊಡೋದು ಬೇಡ."

"ಆಗಲಿ," ಅಂದಳು ವತ್ಸಲಾ.

ಸೆಕ್ಯುರಿಟಿಯವನು ಪಾಸು ನೋಡಿ ಸಣ್ಣ ಗೇಟು ತೆಗೆದ. ಗೋಪಾಲಕೃಷ್ಣ ಪಕ್ಕಕ್ಕೆ ಸರಿದು ತಾಯಿಗೂ ಹೆಂಡತಿಗೂ ಮೊದಲು ದಾರಿ ಬಿಟ್ಟ. ಎಷ್ಟು ವರ್ಷ ತಗೋಬೇಕು ಎಂದು ಅವನು ಇನ್ನೂ ಕೇಳಿರಲಿಲ್ಲ. ಕೇಳಿದವರಿಗೆಲ್ಲ ವಾರ್ಡಿನಲ್ಲಿ ಅವಳು ಕೊಡುತ್ತಿದ್ದ ಉತ್ತರ ಒಂದಿತ್ತು: ‘ಬಹುಶಃ ಜೀವನಪೂರ್ತಿ.’ ಅದನ್ನು ಅವನಿಗೆ ಯಾವ ಮಾತಿನಲ್ಲಿ ಹೇಳುವುದೆಂದು ಯೋಚಿಸುತ್ತಾ ವತ್ಸಲಾ ಬಸ್ ಸ್ಟಾಪಿನ ಕಡೆಗೆ ನಡೆದಳು.